ಕ್ವಾಂಟಂ ಬಗ್ಗೆ ಓದೋಕೆ ಯಾವ ಪುಸ್ತಕ ತಗೋಬೇಕು? ಕೊಡಗಿನ ಮಳೇಲಿ ಕೂತು ಹೋಲಿಸಿ ನೋಡಿದ್ದು

ಕ್ವಾಂಟಂ ಅಂದ್ರೆ ಪರಮಾಣು, ಎಲೆಕ್ಟ್ರಾನ್, ಬೆಳಕು ಇಂಥ ಅತೀ ಸಣ್ಣದ್ದೆಲ್ಲ ಹೇಗೆ ನಡ್ಕೊಳ್ಳುತ್ತೆ ಅಂತ ಹೇಳೋ ಫಿಸಿಕ್ಸು. 2025ನ್ನ ವಿಶ್ವಸಂಸ್ಥೆ ಕ್ವಾಂಟಂ ವರ್ಷ ಅಂತ ಘೋಷಿಸಿತ್ತಲ್ಲ, ಆ ಜುಲೈನಲ್ಲಿ ಒಂದೇ ವಾರದೊಳಗೆ ಇಬ್ಬರು ನನ್ನ ಹತ್ರ ಪುಸ್ತಕ ಕೇಳಿದ್ರು. ಒಬ್ರು ನಮ್ಮ ಮಾವ, ಆರ್ಮಿಯಿಂದ ರಿಟೈರ್ ಆಗಿ ವಿರಾಜಪೇಟೆ ಹತ್ರ ತೋಟ ನೋಡ್ಕೊಂಡಿರೋರು. ಪೇಪರಲ್ಲಿ ಕೇಂದ್ರ ಸರ್ಕಾರದ ನ್ಯಾಷನಲ್ ಕ್ವಾಂಟಂ ಮಿಷನ್ ಸುದ್ದಿ ಓದಿ, 'ಆರು ಸಾವಿರ ಕೋಟಿ ಹಾಕ್ತಿದಾರಂತೆ, ಬೆಂಗಳೂರಿನ ಐಐಎಸ್‌ಸಿಯಲ್ಲೇ ಕಂಪ್ಯೂಟರ್ ಕೆಲಸ ಅಂತೆ, ಏನದು ಅಂತ ತಿಳ್ಕೊಳ್ಳೋಣ, ಒಂದು ಒಳ್ಳೆ ಪುಸ್ತಕ ಕೊಡು' ಅಂದ್ರು. ಇನ್ನೊಬ್ಳು ಅಕ್ಕನ ಮಗಳು, ಸೆಕೆಂಡ್ ಪಿಯುಸಿ, ಮಳೆ ಜಾಸ್ತಿ ಅಂತ ಡಿಸಿ ರಜೆ ಕೊಟ್ಟಿದ್ರಿಂದ ನಮ್ಮನೆಗೆ ಬಂದು ಕೂತಿದ್ಲು, ಅವಳಿಗೆ ಕ್ವಾಂಟಂ ಕಂಪ್ಯೂಟರ್ ಅಂದ್ರೆ ನಿಜವಾಗ್ಲೂ ಒಳಗಡೆ ಏನಾಗುತ್ತೆ ಅಂತ ಗೊತ್ತಾಗ್ಬೇಕಿತ್ತು. ನಾನು ಇಬ್ಬರಿಗೂ ನನಗೆ ಪ್ರಾಣವಾದ ಒಂದೇ ಪುಸ್ತಕ ಕೊಟ್ಟೆ, ಅಮೆರಿಕದ ಭೌತವಿಜ್ಞಾನಿ ಫೈನ್‌ಮನ್ ಬೆಳಕಿನ ಬಗ್ಗೆ ಬರೆದ 'ಕ್ಯೂಇಡಿ'. ಇಬ್ಬರೂ ಮೂವತ್ತು ಪುಟ ದಾಟ್ಲಿಲ್ಲ. ಮಾವ 'ಇದರಲ್ಲಿ ಮನುಷ್ಯರೇ ಇಲ್ವಲ್ಲ' ಅಂದ್ರು, ಹುಡುಗಿ 'ಕಂಪ್ಯೂಟರ್ ಎಲ್ಲಿ ಬರುತ್ತೆ' ಅಂತ ಕೇಳಿದ್ಲು. ಪುಸ್ತಕದ್ದು ತಪ್ಪಿಲ್ಲ, ಅವರಿಗೆ ಬೇಕಿದ್ದೇ ಬೇರೆ, ನಾನು ಕೊಟ್ಟಿದ್ದೇ ಬೇರೆ.

ಆವತ್ತಿಂದ ಯಾರಾದ್ರೂ ಕೇಳಿದ್ರೆ ನಾನು ಮೊದಲು ವಾಪಸ್ ಒಂದು ಪ್ರಶ್ನೆ ಕೇಳ್ತೀನಿ. ನಿಮಗೆ ಇದನ್ನ ಕಂಡುಹಿಡಿದೋರ ಕಥೆ ಬೇಕಾ, ಇದು ಹೇಗೆ ಕೆಲಸ ಮಾಡುತ್ತೆ ಅಂತ ಬೇಕಾ, ಇದರ ಅರ್ಥ ಏನು ಅಂತ ತಲೆ ಕೆಡಿಸ್ಕೊಳ್ಬೇಕಾ, ಇಲ್ಲ ಕಂಪ್ಯೂಟರ್ ಬೇಕಾ? ಈ ನಾಲ್ಕಕ್ಕೂ ಬೇರೆ ಬೇರೆ ಪುಸ್ತಕ ಇದೆ, ಒಂದೇ ಪುಸ್ತಕ ನಾಲ್ಕನ್ನೂ ಚೆನ್ನಾಗಿ ಮಾಡಿದ್ದು ನಾನಂತೂ ನೋಡಿಲ್ಲ. ನಾನು ಓದಿದ್ದೆಲ್ಲ ಕನ್ನಡ ಮೀಡಿಯಂ, ಡಿಗ್ರಿಗೆ ಬಂದ ಮೇಲೇ ಇಂಗ್ಲಿಷಲ್ಲಿ ಫಿಸಿಕ್ಸ್ ನೋಡಿದ್ದು, ಹಾಗಾಗಿ ಯಾವ ಪುಸ್ತಕದ ಇಂಗ್ಲಿಷ್ ಎಷ್ಟು ಕಷ್ಟ ಅನ್ನೋದನ್ನೂ ಜೊತೆಗೆ ಹೇಳ್ತೀನಿ, ನಮ್ಮ ಕಡೆ ತುಂಬಾ ಜನ ಅಲ್ಲೇ ಸೋತು ಪುಸ್ತಕ ಮುಚ್ಚಿಡ್ತಾರೆ, ವಿಷಯಕ್ಕೆ ಸೋತಿರಲ್ಲ.

ಅಕ್ಕನ ಮಗಳಿಗೆ ಸರಿಹೋದ ಪುಸ್ತಕದಿಂದಲೇ ಶುರು ಮಾಡ್ತೀನಿ. ಟೆರ್ರಿ ರುಡಾಲ್ಫ್ ಬರೆದ 'ಕ್ಯೂ ಈಸ್ ಫಾರ್ ಕ್ವಾಂಟಂ', 2017ರದ್ದು. ಈ ರುಡಾಲ್ಫ್, ಕ್ವಾಂಟಂ ಸಿದ್ಧಾಂತ ಕಟ್ಟಿದೋರಲ್ಲಿ ಒಬ್ಬರಾದ ಶ್ರೋಡಿಂಗರ್ ಅವರ ಮೊಮ್ಮಗ, ಆದ್ರೆ ಪುಸ್ತಕ ಒಳ್ಳೇದಾಗಿರೋದು ಆ ಕಾರಣಕ್ಕಲ್ಲ. ಕೂಡೋದು, ಗುಣಿಸೋದು, ಮೈನಸ್ ಚಿಹ್ನೆ ಇಷ್ಟು ಗೊತ್ತಿದ್ರೆ ಸಾಕು ಅಂತ ಶುರು ಮಾಡಿ, ಅಷ್ಟರಲ್ಲೇ ನಿಜವಾದ ಕ್ವಾಂಟಂ ಲೆಕ್ಕ ಮಾಡಿಸ್ತಾರೆ. ಹೋಲಿಕೆ ಕೊಟ್ಟು ಕೈ ತೊಳ್ಕೊಳ್ಳಲ್ಲ.

ನಾವು ಅದನ್ನ ಅಡುಗೆಮನೆ ಟೇಬಲ್ ಮೇಲೆ ಮಾಡಿ ನೋಡಿದ್ವಿ. ಕರೆಂಟ್ ಹೋಗಿ ಎರಡನೇ ದಿನ, ಹೊರಗೆ ಮಳೆ ಬಿಡ್ತಾನೇ ಇರ್ಲಿಲ್ಲ, ಮೇಣದಬತ್ತಿ ಹಚ್ಚಿಟ್ಟು ಡಬ್ಬಿಯಿಂದ ಒಂದು ಹಿಡಿ ಕರಿಮೆಣಸು, ಮನೆಗೆ ಅಂತ ಸಿಪ್ಪೆ ತೆಗೆದು ಮಾಡಿಟ್ಟಿದ್ದ ಬಿಳಿಮೆಣಸು ಒಂದು ಹಿಡಿ ತಗೊಂಡ್ವಿ. ಪುಸ್ತಕದಲ್ಲಿ ಕರಿ ಚೆಂಡು ಬಿಳಿ ಚೆಂಡು, ನಮ್ಮ ಹತ್ರ ಮೆಣಸು. ಅದರಲ್ಲಿ ಪೀಟ್ ಬಾಕ್ಸ್ ಅಂತ ಒಂದು ಡಬ್ಬಿ ಬರುತ್ತೆ. ಮೇಲಿಂದ ಕರಿ ಹಾಕಿದ್ರೆ ಕೆಳಗೆ ಅರ್ಧ ಸಲ ಕರಿ ಬರುತ್ತೆ ಅರ್ಧ ಸಲ ಬಿಳಿ ಬರುತ್ತೆ, ಬಿಳಿ ಹಾಕಿದ್ರೂ ಅದೇ. ಸರಿ, ನಾಣ್ಯ ಚಿಮ್ಮಿದ ಹಾಗೆ, ಅದರಲ್ಲೇನಿದೆ ಅಂತೀರಾ, ಈಗ ಒಂದು ಡಬ್ಬಿ ಕೆಳಗೆ ಇನ್ನೊಂದು ಡಬ್ಬಿ ಇಡಿ, ಮಧ್ಯದಲ್ಲಿ ಇಣುಕಬೇಡಿ, ಮೇಲಿಂದ ಕರಿ ಹಾಕಿ. ಎರಡು ಸಲ ನಾಣ್ಯ ಚಿಮ್ಮಿದ್ರೆ ಈಗಲೂ ಅರ್ಧ ಅರ್ಧ ಅಲ್ವಾ ಬರ್ಬೇಕು? ಆದ್ರೆ ಪ್ರತಿ ಸಲಾನೂ ಕರಿಯೇ ಬರುತ್ತೆ. ಸಾವಿರ ಸಲ ಹಾಕಿದ್ರೂ ಕರಿ. ಮಧ್ಯ ಇಣುಕಿ ನೋಡಿದ್ರೆ ಮಾತ್ರ ಮತ್ತೆ ಅರ್ಧ ಅರ್ಧ ಆಗೋಗುತ್ತೆ.

ಇದು ಹೇಗೆ ಅನ್ನೋದಕ್ಕೆ ರುಡಾಲ್ಫ್ ಒಂದು ಮಂಜಿನ ಮೋಡ ಬರೀತಾರೆ, ಅವರು ಅದನ್ನ ಮಂಜು ಅಂತಲೇ ಕರೆಯೋದು, ಮಡಿಕೇರಿ ಕಡೆಯೋರಿಗೆ ಇದಕ್ಕಿಂತ ಹತ್ತಿರದ ಮಾತು ಬೇಕಾ! ನಾವು ಮಂಜಿನ ಬದಲು ಒಂದು ತಟ್ಟೆ ಇಟ್ವಿ. ಮೊದಲ ಡಬ್ಬಿಗೆ ಕರಿ ಹೋದ್ರೆ ತಟ್ಟೆಗೆ ಒಂದು ಕರಿ, ಒಂದು ಬಿಳಿ. ಡಬ್ಬಿಗೆ ಬಿಳಿ ಹೋದ್ರೆ ತಟ್ಟೆಗೆ ಒಂದು ಕರಿ, ಒಂದು ಮೈನಸ್ ಬಿಳಿ. ಮೈನಸ್‌ಗೆ ಅಂತ ಹುಡುಗಿ ಸಣ್ಣ ಕಾಗದದ ಚೂರಿನ ಮೇಲೆ ಗೆರೆ ಎಳೆದು ಬಿಳಿಮೆಣಸಿನ ಕೆಳಗೆ ಇಟ್ಲು. ಈಗ ಎರಡನೇ ಡಬ್ಬಿ: ತಟ್ಟೆಲಿರೋ ಕರಿಯಿಂದ ಕರಿ, ಬಿಳಿ. ತಟ್ಟೆಲಿರೋ ಬಿಳಿಯಿಂದ ಕರಿ, ಮೈನಸ್ ಬಿಳಿ. ಒಟ್ಟು ಎರಡು ಕರಿ, ಒಂದು ಬಿಳಿ, ಒಂದು ಮೈನಸ್ ಬಿಳಿ. ಬಿಳಿಯೂ ಮೈನಸ್ ಬಿಳಿಯೂ ಒಂದಕ್ಕೊಂದು ವಜಾ. ಅವೆರಡನ್ನ ಅವಳು ಬೆರಳಲ್ಲಿ ತಟ್ಟೆಯಿಂದ ಆಚೆ ತಳ್ಳಿದ್ಲು, ಉಳಿದಿದ್ದು ಬರೀ ಕರಿ. ಒಂದು ನಿಮಿಷ ಸುಮ್ಮನಿದ್ದು 'ಹಾಗಾದ್ರೆ ಬಿಳಿ ಬರೋ ದಾರಿ ಇತ್ತು, ಎರಡು ದಾರಿ ಇತ್ತು, ಎರಡು ದಾರಿ ಇದ್ದಿದ್ದಕ್ಕೇ ಬರ್ಲಿಲ್ಲ' ಅಂದ್ಲು. ನನಗೆ ರೋಮಾಂಚನ ಆಯ್ತು, ಯಾಕಂದ್ರೆ ಇಡೀ ವಿಷಯದ ತಿರುಳೇ ಅದು. ಪಿಯುಸಿ ಪುಸ್ತಕದಲ್ಲಿ ವ್ಯತಿಕರಣ ಅಂತ, ಎರಡು ಅಲೆ ಸೇರಿ ಒಂದನ್ನೊಂದು ಹೆಚ್ಚಿಸೋದು ಇಲ್ಲ ಅಳಿಸೋದು, ಬೆಳಕಿನ ಪಾಠದಲ್ಲಿ ಓದ್ತೀವಲ್ಲ, ಅದೇ ಇದು, ಆದ್ರೆ ಅಲೆಗೆ ಮಾತ್ರ ಅಂದ್ಕೊಂಡಿದ್ದನ್ನ ಇಲ್ಲಿ ಒಂದೊಂದೇ ಚೆಂಡಿಗೆ ಹೇಳ್ತಿದಾರೆ.

ಇದರಿಂದ ನನಗೆ ಒಂದು ಅಳತೆಗೋಲು ಸಿಕ್ತು, ಅದನ್ನ ಈಗ ಎಲ್ಲಾ ಪುಸ್ತಕಕ್ಕೂ ಹಿಡಿದು ನೋಡ್ತೀನಿ. ಪುಸ್ತಕ ಕೈಗೆ ತಗೊಂಡು, ಎರಡು ದಾರಿ ಒಂದನ್ನೊಂದು ಅಳಿಸಿ ಹಾಕೋದನ್ನ ಎಲ್ಲಾದ್ರೂ ಹೇಳಿದಾರಾ ಅಂತ ಹುಡುಕಿ. ಹೇಳಿದ್ರೆ ಆ ಪುಸ್ತಕ ನಂಬ್ಬೋದು. ಅದು ಬಿಟ್ಟು 'ಕ್ವಾಂಟಂ ಕಂಪ್ಯೂಟರ್ ಎಲ್ಲಾ ಉತ್ತರಗಳನ್ನೂ ಒಟ್ಟಿಗೇ ಪರೀಕ್ಷೆ ಮಾಡಿ ಸರಿಯಾದ್ದನ್ನ ಕೊಡುತ್ತೆ' ಅಂತ ಇಷ್ಟೇ ಬರೆದು ಮುಂದೆ ಹೋದ್ರೆ, ದಯವಿಟ್ಟು ವಾಪಸ್ ಇಡಿ. ನಾನು ಈ ವಿಷಯಕ್ಕೆ ಅಂತ ಮೊದಲು ಕೊಂಡ ಪುಸ್ತಕ ಹಾಗೇ ಇತ್ತು, ಹೆಸರು ಬೇಡ, ಓದಿ ಮುಗಿಸಿದ ಮೇಲೆ ನನಗೆ ಎಲ್ಲಾ ಗೊತ್ತಾಯ್ತು ಅಂತ ಎರಡು ವರ್ಷ ತಪ್ಪನ್ನೇ ಊರೆಲ್ಲಾ ಹೇಳ್ಕೊಂಡು ಬಂದೆ. ಎಲ್ಲಾ ಉತ್ತರಾನೂ ಒಟ್ಟಿಗೆ ಮಂಜಿನೊಳಗೆ ಇದ್ರೂ, ತೆಗೆದು ನೋಡಿದಾಗ ನಿಮಗೆ ಸಿಗೋದು ಒಂದೇ ಉತ್ತರ, ಅದೂ ಕುರುಡು ಲಾಟರಿಯಲ್ಲಿ ಬಂದಿದ್ದು. ಆ ಲಾಟರಿಯನ್ನ ಸರಿಯಾದ ಕಡೆ ವಾಲಿಸೋದೇ ಕೆಲಸ, ಅಂದ್ರೆ ತಪ್ಪು ಉತ್ತರಗಳ ದಾರಿಗಳೆಲ್ಲ ಬಿಳಿಮೆಣಸಿನ ತರ ಒಂದನ್ನೊಂದು ಹೊಡ್ಕೊಂಡು ಹೋಗೋ ಹಾಗೆ ಹೂಡ್ಬೇಕು. ಎಲ್ಲಾ ಲೆಕ್ಕಕ್ಕೂ ಹಾಗೆ ಹೂಡೋಕಾಗಲ್ಲ. 1994ರಲ್ಲಿ ಪೀಟರ್ ಶೋರ್ ದೊಡ್ಡ ಸಂಖ್ಯೆಯನ್ನ ಅಪವರ್ತನ ಮಾಡೋಕೆ, ಅಂದ್ರೆ ಯಾವ ಸಂಖ್ಯೆಗಳನ್ನ ಗುಣಿಸಿದ್ರೆ ಅದು ಬರುತ್ತೆ ಅಂತ ಹುಡುಕೋಕೆ, ಹೂಡಿ ತೋರಿಸಿದ್ರು, ಆನ್‌ಲೈನ್ ಗುಟ್ಟಿನ ಬೀಗಗಳು ಆ ಲೆಕ್ಕ ಕಷ್ಟ ಅನ್ನೋದರ ಮೇಲೇ ನಿಂತಿರೋದ್ರಿಂದ ಬ್ಯಾಂಕು ಪಾಸ್‌ವರ್ಡು ಅಂತ ಎಲ್ಲರಿಗೂ ಭಯ ಬಂದಿದ್ದು. 1996ರಲ್ಲಿ ಲವ್ ಗ್ರೋವರ್ ಹುಡುಕಾಟಕ್ಕೆ ಮಾಡಿದ್ರು, ಆದ್ರೆ ಅಲ್ಲಿ ಲಾಭ ಅಷ್ಟು ದೊಡ್ಡದಲ್ಲ: ಯಾವ ಕ್ರಮಾನೂ ಇಲ್ಲದ 10 ಲಕ್ಷ ಹೆಸರಿನ ಪಟ್ಟಿಯಲ್ಲಿ ಒಂದು ಹುಡುಕೋಕೆ ಮಾಮೂಲಿ ಕಂಪ್ಯೂಟರಿಗೆ ಸರಾಸರಿ 5 ಲಕ್ಷ ಸಲ ನೋಡ್ಬೇಕು, ಗ್ರೋವರ್ ದಾರಿಯಲ್ಲಿ ಸುಮಾರು 800 ಸಲ. ಒಂದೇ ಸಲಕ್ಕೆ ಅಲ್ಲ ಗಮನಿಸಿ. ಎಲ್ಲಾ ಒಟ್ಟಿಗೆ ನೋಡೋದಾಗಿದ್ರೆ ಒಂದೇ ಸಲ ಸಾಕಿತ್ತಲ್ಲ.

ರುಡಾಲ್ಫ್ ಪುಸ್ತಕದಲ್ಲಿ ಮೂರು ಭಾಗ, ಕಂಪ್ಯೂಟಿಂಗು, ಎಂಟ್ಯಾಂಗಲ್‌ಮೆಂಟು (ದೂರ ಇದ್ರೂ ಎರಡು ಕಣ ಒಂದಕ್ಕೊಂದು ಹೆಣೆದ್ಕೊಂಡಿರೋದು), ಆಮೇಲೆ ವಾಸ್ತವ ಅಂದ್ರೆ ಏನು ಅನ್ನೋದು. ಮೊದಲನೇದು ಚಿನ್ನ. ಎರಡನೇದು ನಿಧಾನಕ್ಕೆ ಪೆನ್ಸಿಲ್ ಹಿಡಿದು ಓದ್ಬೇಕು. ಕೊರತೆ ಏನಂದ್ರೆ ನಿಜವಾದ ಫಿಸಿಕ್ಸ್ ಲ್ಯಾಬಲ್ಲಿ ಆ ಡಬ್ಬಿ ಏನು ಅಂತ ಹೆಚ್ಚು ಹೇಳಲ್ಲ, ಎಲೆಕ್ಟ್ರಾನು ಪರಮಾಣು ಅಂತ ನಿರೀಕ್ಷೆ ಇಟ್ಕೊಂಡು ಹೋದೋರಿಗೆ ಖಾಲಿ ಖಾಲಿ ಅನ್ಸುತ್ತೆ. ಇಂಗ್ಲಿಷು ಮಾತಾಡೋ ತರ ಇದೆ, ಒಮ್ಮೊಮ್ಮೆ ಆಡುಮಾತಿನ ಪದ ಬಂದು ತಡೆಯುತ್ತೆ, ಆದ್ರೆ ಚಿತ್ರ ನೋಡಿದ್ರೆ ಅರ್ಥ ಆಗೋಗುತ್ತೆ.

ಅದರ ಮುಂದಿನ ಮೆಟ್ಟಿಲು ಕ್ರಿಸ್ ಬರ್ನ್‌ಹಾರ್ಟ್ ಅವರ 'ಕ್ವಾಂಟಂ ಕಂಪ್ಯೂಟಿಂಗ್ ಫಾರ್ ಎವ್ರಿವನ್', 2019ರದ್ದು, ಎಂಐಟಿ ಪ್ರೆಸ್. ಬರೆದೋರು ಗಣಿತದ ಮೇಷ್ಟ್ರು. ಸೆಕೆಂಡ್ ಪಿಯುಸಿ ಗಣಿತದಲ್ಲಿ ಮ್ಯಾಟ್ರಿಕ್ಸ್ ಮಾಡಿರ್ತೀರಲ್ಲ, ಯಾತಕ್ಕಪ್ಪಾ ಇದು ಅಂತ ಆವಾಗ ಅನ್ಸಿದ್ರೆ, ಅದಕ್ಕೆ ಉತ್ತರ ಈ ಪುಸ್ತಕ. ಸ್ಪಿನ್, ಅಂದ್ರೆ ಕಣಕ್ಕಿರೋ ಪುಟ್ಟ ಅಯಸ್ಕಾಂತದಂಥ ಗುಣ, ಅದರಿಂದ ಶುರು, 1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿ ಪರಮಾಣುಗಳನ್ನ ಅಯಸ್ಕಾಂತದ ನಡುವೆ ಹಾಯಿಸಿದ ಪ್ರಯೋಗ, ಆಮೇಲೆ ಒಂದು ಅಧ್ಯಾಯ ಪೂರ್ತಿ ಲೀನಿಯರ್ ಆಲ್ಜಿಬ್ರಾ ಅನ್ನೋ ಮ್ಯಾಟ್ರಿಕ್ಸ್ ಗಣಿತ, ಅಲ್ಲಿಂದ ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಬಿಟ್), ಬೆಲ್ ಅಸಮತೆ (ಎಂಟ್ಯಾಂಗಲ್‌ಮೆಂಟನ್ನ ಪರೀಕ್ಷೆ ಮಾಡೋ ಲೆಕ್ಕ), ಗೇಟು, ಆಲ್ಗಾರಿದಮ್ಮು. ಎರಡನೇ ಅಧ್ಯಾಯ ಹಾರಿಸಿದ್ರೆ ಮುಂದೆ ಎಲ್ಲಾ ಕಬ್ಬಿಣದ ಕಡಲೆ, ಅದೊಂದನ್ನ ಒಂದು ವಾರ ಕೂತು ನೋಟ್‌ಬುಕ್ಕಲ್ಲಿ ಮಾಡಿ ಮುಗಿಸಿದ್ರೆ ಮಿಕ್ಕಿದ್ದು ಸಲೀಸು. ಇಂಗ್ಲಿಷು ಈ ಪಟ್ಟಿಯಲ್ಲೇ ಅತೀ ಸುಲಭ, ಸಣ್ಣ ಸಣ್ಣ ವಾಕ್ಯ, ಸುತ್ತಿ ಬಳಸಿ ಏನಿಲ್ಲ, ಕನ್ನಡ ಮೀಡಿಯಂ ಮಕ್ಕಳಿಗೆ ಧೈರ್ಯವಾಗಿ ಕೊಡಿ. ಆದ್ರೆ ಗಣಿತ ಅಂದ್ರೆ ದೂರ ಸರಿಯೋರಿಗೆ ಬೇಡ, ಹೆಸರಲ್ಲಿ ಎಲ್ಲರಿಗೂ ಅಂತ ಇದ್ರೂ ಪ್ರತಿ ಪುಟದಲ್ಲೂ ಲೆಕ್ಕ ಇದೆ. ರುಡಾಲ್ಫ್ ಮತ್ತು ಇದರ ನಡುವೆ ಒಂದೇ ತಗೊಳ್ಳೋದಾದ್ರೆ, ಹತ್ತನೇ ಕ್ಲಾಸೊಳಗಿನೋರು ಅಥವಾ ಗಣಿತ ಬಿಟ್ಟು ಬಹಳ ವರ್ಷ ಆದೋರು ರುಡಾಲ್ಫ್ ತಗೊಳ್ಳಿ, ಪಿಯುಸಿ ಸೈನ್ಸ್ ಮಾಡಿದೋರು ಬರ್ನ್‌ಹಾರ್ಟ್. ಅಕ್ಕನ ಮಗಳು ಎರಡನ್ನೂ ಓದಿದ್ಲು, ಮೆಣಸಿನ ತಟ್ಟೆಯ ಆಟ ಬರ್ನ್‌ಹಾರ್ಟಲ್ಲಿ ಎರಡು ಸಾಲು ಎರಡು ಕಂಬದ ಒಂದು ಮ್ಯಾಟ್ರಿಕ್ಸ್ ಆಗಿ ಬಂದಾಗ ತಾನೇ ಗುರುತು ಹಿಡಿದ್ಲು, ಬಲಗಡೆ ಕೆಳಗಿನ ಮೂಲೇಲಿ ಅದೇ ಮೈನಸ್.

ಸ್ಕಾಟ್ ಆರನ್ಸನ್ ಅವರ 'ಕ್ವಾಂಟಂ ಕಂಪ್ಯೂಟಿಂಗ್ ಸಿನ್ಸ್ ಡೆಮಾಕ್ರಿಟಸ್' (2013) ಬಗ್ಗೆ ಸಾಫ್ಟ್‌ವೇರಲ್ಲಿರೋರು ತುಂಬಾ ಕೇಳ್ತಾರೆ, ಬೆಂಗಳೂರಿಂದ ಬಂದು ಮನೇಲೇ ಕೂತು ಕೆಲಸ ಮಾಡೋ ಹುಡುಗ್ರು ನಮ್ಮ ಕಡೆ ಈಗ ಬೇಕಾದಷ್ಟಿದಾರಲ್ಲ. ಇದು ಕೆನಡಾದ ವಾಟರ್‌ಲೂನಲ್ಲಿ 2006ರಲ್ಲಿ ಮಾಡಿದ ಪಾಠಗಳಿಂದ ಬಂದ ಪುಸ್ತಕ. ಸೆಟ್ಟು, ಟ್ಯೂರಿಂಗ್ ಮೆಷಿನ್, ಪಿ ಮತ್ತು ಎನ್‌ಪಿ ಅಂತ ಕಂಪ್ಯೂಟರ್ ಸೈನ್ಸಿನ ಬುನಾದಿ ಪಾಠ ಎಲ್ಲಾ ದಾಟಿ ಕ್ವಾಂಟಂ ಬರೋದು ಒಂಬತ್ತನೇ ಅಧ್ಯಾಯಕ್ಕೆ. ಬಂದಾಗ ಮಾತ್ರ ಕಣ್ಣು ತೆರೆಸುತ್ತೆ, ಇತಿಹಾಸ ಎಲ್ಲಾ ಬದಿಗಿಟ್ಟು, ಸಂಭವನೀಯತೆಗೆ ಮೈನಸ್ ಸೇರಿಸಿದ್ರೆ ಏನಾಗುತ್ತೋ ಅದೇ ಕ್ವಾಂಟಂ ಅಂತ ಅಲ್ಲಿಂದ ಕಟ್ಟಿ ನಿಲ್ಲಿಸ್ತಾರೆ. ನನ್ನ ಅಳತೆಗೋಲಿಗೆ ನೂರಕ್ಕೆ ನೂರು. ಆದ್ರೆ ಕಂಪ್ಯೂಟರ್ ಸೈನ್ಸ್ ಓದಿರದೇ ಇದ್ದೋರಿಗೆ ಇದು ಮೊದಲ ಪುಸ್ತಕ ಖಂಡಿತ ಅಲ್ಲ, ಅಲ್ಲಿನ ಕ್ಲಾಸ್‌ರೂಮಿನ ತಮಾಷೆಗಳೂ ಜಾಸ್ತಿ, ಅರ್ಧ ನನಗೆ ಹೊಳೀಲಿಲ್ಲ. ಬಿಇ ಸಿಎಸ್ ಮಾಡಿದೋರು ನೇರ ಇದಕ್ಕೇ ಹೋಗಿ.

ಈಗ ಮಾವನ ಕಥೆ. ಅವರಿಗೆ ಬೇಕಿದ್ದು ಮನುಷ್ಯರು, ಜಗಳ, ಸೋಲು ಗೆಲುವು. ಅವರಿಗೆ ಮಂಜಿತ್ ಕುಮಾರ್ ಅವರ 'ಕ್ವಾಂಟಂ' ಕೊಟ್ಟೆ, 2008ರದ್ದು, ನಾನೂರು ಪುಟ ದಾಟುತ್ತೆ. 1927ರಲ್ಲಿ ದೊಡ್ಡ ದೊಡ್ಡ ಭೌತವಿಜ್ಞಾನಿಗಳು ಸೇರಿದ್ದ ಸಾಲ್ವೇ ಸಮ್ಮೇಳನದ ಫೋಟೋ ಇಂದ ಶುರು, ಒಂದೇ ಫೋಟೋದಲ್ಲಿ 29 ಜನ, ಅವರಲ್ಲಿ 17 ಜನಕ್ಕೆ ಆಗಲೇ ನೊಬೆಲ್ ಬಂದಿತ್ತು ಇಲ್ಲ ಆಮೇಲೆ ಬಂತು. ಅಲ್ಲಿಂದ ಹಿಂದಕ್ಕೆ 1900ಕ್ಕೆ, ಪ್ಲಾಂಕ್ ಬೇರೆ ದಾರಿ ಕಾಣದೆ ಶಕ್ತಿಯನ್ನ ತುಂಡು ತುಂಡು ಮಾಡಿದ ದಿನಕ್ಕೆ. ಕ್ವಾಂಟಂ ಸಿದ್ಧಾಂತ ಪೂರ್ತಿಯಾಗಿದ್ಯಾ ಇಲ್ವಾ ಅಂತ ಐನ್‌ಸ್ಟೈನ್ ಮತ್ತು ಬೋರ್ ನಡುವೆ ನಡೆದ ವಾದ ಇದರ ಬೆನ್ನೆಲುಬು. 1930ರ ಸಾಲ್ವೇಯಲ್ಲಿ ಐನ್‌ಸ್ಟೈನ್ ಒಂದು ಬೆಳಕಿನ ಪೆಟ್ಟಿಗೆ ಕಲ್ಪನೆ ಮಾಡಿ, ಗಡಿಯಾರ ಇಟ್ಟು, ತೂಕ ಹಾಕಿ, ಹೈಸನ್‌ಬರ್ಗ್ ಹೇಳಿದ್ದ ಅನಿಶ್ಚಿತತೆ ತತ್ವ, ಅಂದ್ರೆ ಶಕ್ತಿ ಮತ್ತು ಸಮಯದಂಥ ಜೋಡಿಗಳನ್ನ ಎರಡೂ ಕರಾರುವಾಕ್ಕಾಗಿ ತಿಳ್ಕೊಳ್ಳೋಕಾಗಲ್ಲ ಅನ್ನೋದನ್ನ ಮುರಿದೆ ಅಂತಾರೆ. ಬೋರ್‌ಗೆ ರಾತ್ರಿ ಎಲ್ಲಾ ನಿದ್ದೆ ಇಲ್ಲ. ಬೆಳಿಗ್ಗೆ ಬಂದು ಐನ್‌ಸ್ಟೈನ್ ಅವರದ್ದೇ ಸಾಪೇಕ್ಷತೆಯನ್ನ ತೆಗೆದು, ಪೆಟ್ಟಿಗೆ ಮೇಲೆ ಕೆಳಗೆ ಆದ್ರೆ ಗಡಿಯಾರದ ವೇಗ ಬದಲಾಗುತ್ತೆ, ಲೆಕ್ಕ ಮತ್ತೆ ಅನಿಶ್ಚಿತ ಅಂತ ತೋರಿಸಿಬಿಡ್ತಾರೆ. ಮಾವ ಇದನ್ನ ನನಗೇ ಎರಡು ಸಲ ಹೇಳಿದ್ರು, ಎದುರಾಳಿಯ ಗನ್ ಕಿತ್ಕೊಂಡು ಅವನಿಗೇ ತಿರುಗಿಸಿದ ಹಾಗೆ ಅಂತ. ಒಂದು ತಿಂಗಳಲ್ಲಿ ಮುಗಿಸಿದ್ರು, ಕೊಡಗಿನ ಕಕ್ಕಡ ತಿಂಗಳಲ್ಲಿ ಮಾಡೋ ಮದ್ದುಸೊಪ್ಪಿನ ಪಾಯಸಕ್ಕೆ ನಾವು ಹೋದಾಗ ಊಟದ ಹೊತ್ತಲ್ಲೂ ಹೈಸನ್‌ಬರ್ಗ್ ಮಾತೇ.

ಈ ಪುಸ್ತಕದಿಂದ ನೀವು ಲೆಕ್ಕ ಕಲಿಯಲ್ಲ, ಕಂಪ್ಯೂಟರ್ ಇಲ್ಲವೇ ಇಲ್ಲ ಅನ್ನಬೋದು, ಕೊನೆಗೆ ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಐನ್‌ಸ್ಟೈನ್, ಬೋರ್ ವಾದವನ್ನ ಪ್ರಯೋಗದಲ್ಲೇ ತೀರ್ಮಾನ ಮಾಡೋ ದಾರಿ ತೋರಿಸಿದ್ದರ ತನಕ ಬರುತ್ತೆ. ಆ ಪ್ರಯೋಗಗಳಿಗೆ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೆ 2022ರಲ್ಲಿ ನೊಬೆಲ್ ಬಂತು, ಅದು ಪುಸ್ತಕ ಬಂದ ಮೇಲಿನ ಸಂಗತಿ. ಇಂಗ್ಲಿಷು ಪೇಪರ್ ಓದೋರಿಗೆ ತೊಂದರೆ ಇಲ್ಲ.

ಇದೇ ಕಥೆಯನ್ನ ಇನ್ನೊಂದು ಪಕ್ಷದಿಂದ ಓದ್ಬೇಕಂದ್ರೆ ಆಡಮ್ ಬೆಕರ್ ಅವರ 'ವಾಟ್ ಈಸ್ ರಿಯಲ್?' (2018). ಬೋರ್ ಕಡೆಯೋರು ಗೆದ್ರು ಅಂತ ಎಲ್ಲರೂ ಸುಮ್ಮನಾದ ಮೇಲೂ ಸುಮ್ಮನಿರದ ಬೋಮ್, ಎವರೆಟ್, ಬೆಲ್ ಅನ್ನೋ ಮೂವರು ಭೌತವಿಜ್ಞಾನಿಗಳ ಬದುಕು. ಡೇವಿಡ್ ಬೋಮ್ ಅಮೆರಿಕ ಬಿಟ್ಟು ಬ್ರೆಜಿಲ್‌ಗೆ ಹೋಗ್ಬೇಕಾಗಿ ಬಂದ ಭಾಗ ಓದುವಾಗ ಹೊಟ್ಟೆ ಹಿಂಡುತ್ತೆ. ಬೆಕರ್ ಒಂದು ಕಡೆ ನಿಂತೇ ಬರೀತಾರೆ, ಮುಚ್ಚಿಡಲ್ಲ, ಹಾಗಾಗಿ ಕುಮಾರ್ ಮೊದಲು ಬೆಕರ್ ಆಮೇಲೆ ಓದಿದ್ರೆ ಎರಡೂ ಕಡೆ ಕೇಳಿದ ಹಾಗಾಗುತ್ತೆ.

'ಕ್ಯೂಇಡಿ'ಗೆ ವಾಪಸ್ ಬರ್ತೀನಿ, ಬರ್ಲೇಬೇಕು. 1985ರ ಪುಸ್ತಕ, ನಾಲ್ಕು ಉಪನ್ಯಾಸ, 150 ಪುಟದ ಆಸುಪಾಸು. ರಾತ್ರಿ ಕರೆಂಟ್ ಹೋದಾಗ ಮೇಣದಬತ್ತಿ ಹಿಡ್ಕೊಂಡು ಕಿಟಕಿ ಹತ್ರ ಹೋಗಿ ನಿಂತ್ರೆ ಗಾಜಲ್ಲಿ ನಿಮ್ಮ ಮುಖಾನೂ ಕಾಣುತ್ತೆ, ಅಂಗಳದಲ್ಲಿ ಯಾರಾದ್ರೂ ನಿಂತಿದ್ರೆ ಅವರಿಗೆ ನಿಮ್ಮ ಬತ್ತೀನೂ ಕಾಣುತ್ತೆ. ಅಂದ್ರೆ ಬೆಳಕು ಸ್ವಲ್ಪ ವಾಪಸ್ ಬಂತು, ಮಿಕ್ಕಿದ್ದು ಆಚೆ ಹೋಯ್ತು. ಒಂದು ಫೋಟಾನ್, ಅಂದ್ರೆ ಬೆಳಕಿನ ಒಂದು ಕಣ, ಗಾಜಿಗೆ ಬಂದಾಗ ವಾಪಸ್ ಹೋಗ್ಬೇಕಾ ಮುಂದೆ ಹೋಗ್ಬೇಕಾ ಅಂತ ಹೇಗೆ ತೀರ್ಮಾನ ಆಗುತ್ತೆ? ಇಷ್ಟು ಸಾದಾ ಪ್ರಶ್ನೆಯಿಂದ ಫೈನ್‌ಮನ್ ಇಡೀ ಸಿದ್ಧಾಂತ ಬಿಚ್ಚುತ್ತಾರೆ. ಗಾಜಿನ ಒಂದು ಮೇಲ್ಮೈಯಿಂದ 100ಕ್ಕೆ ಸರಾಸರಿ 4 ಫೋಟಾನ್ ವಾಪಸ್. ಗಾಜಿಗೆ ಹಿಂದೆ ಇನ್ನೊಂದು ಮೇಲ್ಮೈ ಇದ್ಯಲ್ಲ, ಹಾಗಾದ್ರೆ ಒಟ್ಟು 8 ಆಗ್ಬೇಕು. ಆದ್ರೆ ಒಂದೇ ಬಣ್ಣದ ಬೆಳಕು ಬಿಟ್ಟು, ಗಾಜಿನ ದಪ್ಪ ಸ್ವಲ್ಪ ಸ್ವಲ್ಪವೇ ಬದಲಾಯಿಸ್ತಾ ಹೋದ್ರೆ ಅದು 0ಯಿಂದ 16ರ ತನಕ ಏರಿಳಿಯುತ್ತೆ. ಸೊನ್ನೆ! ಹಿಂದೆ ಇನ್ನೊಂದು ಮೇಲ್ಮೈ ಇಟ್ಟಿದ್ದಕ್ಕೆ ಮುಂದಿನ ಮೇಲ್ಮೈಯಿಂದ ಬರ್ಬೇಕಾದ್ದೂ ನಿಂತು ಹೋಯ್ತು. ಅದನ್ನ ಫೈನ್‌ಮನ್ ಪುಟ್ಟ ಪುಟ್ಟ ಬಾಣ ಬರೆದು, ಬಾಣದ ತುದಿಗೆ ಬಾಣ ಜೋಡಿಸಿ ಲೆಕ್ಕ ಹಾಕ್ತಾರೆ, ಎರಡು ಬಾಣ ಎದುರು ಬದುರಾದ್ರೆ ಸೊನ್ನೆ, ಒಂದೇ ದಿಕ್ಕಾದ್ರೆ ಎರಡರಷ್ಟು ಉದ್ದ, ಅದರ ವರ್ಗ ತಗೊಂಡ್ರೆ ನಾಲ್ಕು ಪಟ್ಟು, ಅಲ್ಲಿಗೆ 16 ಬಂತಲ್ಲ. ಮೆಣಸಿನ ಕೆಳಗಿಟ್ಟ ಮೈನಸ್ ಚೂರು ಇಲ್ಲಿ ಬಾಣ ಆಗಿದೆ. ಮಳೆ ನಿಂತಾಗ ಬಸ್ ಸ್ಟ್ಯಾಂಡಲ್ಲಿ ನೀರಿನ ಮೇಲೆ ಡೀಸೆಲ್ ಬಿದ್ದು ಬಣ್ಣ ಬಣ್ಣ ಕಾಣುತ್ತಲ್ಲ, ಅದೂ ಇದೇ ಲೆಕ್ಕ, ನಾನು ಈಗ ಅದನ್ನ ದಾಟಿ ಹೋಗುವಾಗೆಲ್ಲ ನಿಂತು ನೋಡ್ತೀನಿ.

ಕಥೆ ಬೇಡ, ಕಂಪ್ಯೂಟರ್ ಬೇಡ, ಬೆಳಕು ಮತ್ತು ಪದಾರ್ಥ ಹೇಗೆ ನಡ್ಕೊಳ್ಳುತ್ತೆ ಅಂತ ಒಬ್ಬ ಮಹಾ ಮೇಷ್ಟ್ರಿಂದಲೇ ಕೇಳ್ಬೇಕು ಅನ್ನೋರಿಗೆ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ಮೊದಲ ಎರಡು ಉಪನ್ಯಾಸ ಯಾರು ಬೇಕಾದ್ರೂ ಓದ್ಬೋದು, ಮೂರನೇದಕ್ಕೆ ತಾಳ್ಮೆ ಬೇಕು, ನಾಲ್ಕನೇದು ಕಣಗಳ ಪಟ್ಟಿ, ಅದು ಹಳೇದೂ ಆಗಿದೆ, ಟಾಪ್ ಕ್ವಾರ್ಕ್ ಅನ್ನೋ ಕಣ 1995ರಲ್ಲಿ ಸಿಕ್ತು, ಹಿಗ್ಸ್ ಕಣ 2012ರಲ್ಲಿ, ಅದನ್ನ ಬಿಟ್ರೂ ನಷ್ಟ ಇಲ್ಲ. ಇಂಗ್ಲಿಷು ಮೇಷ್ಟ್ರು ಎದುರು ನಿಂತು ಮಾತಾಡಿದ ಹಾಗೆ, ಸುಲಭ. ಒಂದು ಎಚ್ಚರಿಕೆ, ನಾನು ಮೊದಲು ಆನ್‌ಲೈನಲ್ಲಿ ಕಡಿಮೆ ರೇಟಿಗೆ ಸಿಕ್ತು ಅಂತ ತರಿಸಿದ್ದು ಯಾರೋ ನಕಲು ಪ್ರಿಂಟ್ ಹಾಕಿದ್ದು, ಬಾಣಗಳೆಲ್ಲ ಮಸಿ ಮಸಿ, ಯಾವ ಕಡೆ ತಿರುಗಿದೆ ಅಂತಲೇ ಕಾಣ್ತಿರ್ಲಿಲ್ಲ, ಬಾಣದ ದಿಕ್ಕೇ ಮುಖ್ಯ ಆಗಿರೋ ಪುಸ್ತಕದಲ್ಲಿ ಅದು ಹಾಗಾದ್ರೆ ಇನ್ನೇನು ಓದೋದು. ಎರಡು ಕಾಸು ಜಾಸ್ತಿ ಕೊಟ್ಟು ಸರಿಯಾದ ಪ್ರತಿ ತಗೊಳ್ಳಿ. ರುಡಾಲ್ಫ್, ಬರ್ನ್‌ಹಾರ್ಟ್ ಪುಸ್ತಕಕ್ಕೂ ಇದೇ ಮಾತು, ಇವನ್ನೆಲ್ಲ ಫೋನಲ್ಲಿ ಓದೋಕೆ ಹೋಗ್ಬೇಡಿ, ಒಂದು ಕೈಯಲ್ಲಿ ಪೆನ್ಸಿಲ್ ಇರ್ಲೇಬೇಕು. ಕುಮಾರ್, ಬೆಕರ್ ಫೋನಲ್ಲಿ ಆದ್ರೂ ನಡೆಯುತ್ತೆ.

ಅರ್ಥದ ಪ್ರಶ್ನೆ ಕಾಡೋರಿಗೆ ನನ್ನ ಆಯ್ಕೆ ಫಿಲಿಪ್ ಬಾಲ್ ಅವರ 'ಬಿಯಾಂಡ್ ವಿಯರ್ಡ್', 2018. ಕ್ವಾಂಟಂ ಅಂದ್ರೆ ವಿಚಿತ್ರ, ಒಂದೇ ಸಲ ಎರಡು ಕಡೆ ಇರುತ್ತೆ, ಶ್ರೋಡಿಂಗರ್ ಕಲ್ಪಿಸಿದ ಪೆಟ್ಟಿಗೆಯೊಳಗಿನ ಬೆಕ್ಕು ಸತ್ತೂ ಇದೆ ಬದುಕೂ ಇದೆ ಅಂತ ಹೇಳಿ ಹೇಳಿ ಎಲ್ಲರ ತಲೆ ಕೆಟ್ಟಿದೆಯಲ್ಲ, ಬಾಲ್ ಅದನ್ನೆಲ್ಲ ಒಂದೊಂದಾಗಿ ಕೂರಿಸ್ಕೊಂಡು ಈ ಮಾತಿನಲ್ಲಿ ಸರಿ ಎಷ್ಟು ತಪ್ಪೆಷ್ಟು ಅಂತ ಬಿಡಿಸ್ತಾರೆ. ಇದು ವಸ್ತುವಿನ ವಿಚಿತ್ರಕ್ಕಿಂತ ಹೆಚ್ಚಾಗಿ ನಮಗೆ ಏನು ತಿಳ್ಕೊಳ್ಳೋಕೆ ಸಾಧ್ಯ ಅನ್ನೋದರ ನಿಯಮ ಅಂತ ಅವರ ವಾದ. ಡಿಕೊಹೆರೆನ್ಸ್ ಅಧ್ಯಾಯ ತುಂಬಾ ಬೆಲೆ ಬಾಳೋದು, ಅಕ್ಕಪಕ್ಕದ ಗಾಳಿ, ಬೆಳಕು, ಶಾಖ ಎಲ್ಲಾ ಸದಾ ಇಣುಕಿ ನೋಡ್ತಾನೇ ಇರುತ್ತೆ, ಅದಕ್ಕೇ ದೊಡ್ಡ ವಸ್ತುಗಳಲ್ಲಿ ನಮಗೆ ಕ್ವಾಂಟಂ ಕಾಣ್ಸಲ್ಲ, ಅದಕ್ಕೇ ಕ್ವಾಂಟಂ ಕಂಪ್ಯೂಟರ್ ಕಟ್ಟೋದು ಇಷ್ಟು ಕಷ್ಟ ಅನ್ನೋದು ಒಂದೇ ಏಟಿಗೆ ಗೊತ್ತಾಗುತ್ತೆ. ಇಂಗ್ಲಿಷು ಮಾತ್ರ ಗಟ್ಟಿ, ದಿನಕ್ಕೆ ಹತ್ತು ಪುಟ ಲೆಕ್ಕ ಇಟ್ಕೊಳ್ಳಿ.

ಕಾರ್ಲೋ ರೊವೆಲ್ಲಿ ಅವರ 'ಹೆಲ್ಗೋಲ್ಯಾಂಡ್' ಎಲ್ಲರೂ ಉಡುಗೊರೆ ಕೊಡೋ ಪುಸ್ತಕ, ಸಣ್ಣದು, ಸುಂದರವಾಗಿದೆ. 1925ರ ಜೂನಲ್ಲಿ 23 ವರ್ಷದ ಹೈಸನ್‌ಬರ್ಗ್ ಪರಾಗದ ಅಲರ್ಜಿ ತಡೆಯೋಕಾಗದೆ ಗಿಡಮರ ಕಡಿಮೆ ಇರೋ ಆ ಸಮುದ್ರದ ನಡುವಿನ ದ್ವೀಪಕ್ಕೆ ಹೋಗಿ, ರಾತ್ರಿ ಕೂತು ಲೆಕ್ಕ ಮಾಡಿದ್ದು ಮೊದಲ ಪುಟಗಳಲ್ಲಿ ಬರುತ್ತೆ. ಆಮೇಲೆ ರೊವೆಲ್ಲಿ ತಮ್ಮದೇ ಸಂಬಂಧಗಳ ವ್ಯಾಖ್ಯಾನಕ್ಕೆ ಹೋಗ್ತಾರೆ, ಯಾವ ವಸ್ತುವಿಗೂ ಒಂಟಿಯಾಗಿ ಗುಣ ಇಲ್ಲ, ಇನ್ನೊಂದರ ಜೊತೆ ಸೇರಿದಾಗ ಮಾತ್ರ ಇದೆ ಅಂತ. ಅಲ್ಲಿ ನಾಗಾರ್ಜುನ ಬರ್ತಾರೆ, ನಮ್ಮ ಬೌದ್ಧ ದಾರ್ಶನಿಕ. ಇದು ಕೇಳಿದ ಕೂಡ್ಲೇ 'ನೋಡಿ ನಮ್ಮೋರಿಗೆ ಎಲ್ಲಾ ಮೊದಲೇ ಗೊತ್ತಿತ್ತು' ಅಂತ ಫಾರ್ವರ್ಡ್ ಮಾಡೋರಿಗೆ ಒಂದು ಮಾತು, ನಾಗಾರ್ಜುನರಿಗೆ ಕ್ವಾಂಟಂ ಗೊತ್ತಿತ್ತು ಅಂತ ರೊವೆಲ್ಲಿ ಹೇಳಲ್ಲ, ಯೋಚನೆ ಮಾಡೋಕೆ ಅವರಿಂದ ಒಂದು ದಾರಿ ಸಿಕ್ತು ಅಂತಾರೆ, ನಾಗಾರ್ಜುನರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಾ? ನನ್ನ ತೂಕದಲ್ಲಿ ಹೇಳೋದಾದ್ರೆ, ಇದು ಮೊದಲ ಪುಸ್ತಕ ಆಗ್ಬಾರ್ದು. ಲೆಕ್ಕದ ರುಚಿ ಇಲ್ಲದೆ ಇದನ್ನ ಓದಿದ್ರೆ ಬರೀ ಕವಿತೆ ಓದಿದ ಹಾಗಾಗುತ್ತೆ, ಎರಡನೇದೋ ಮೂರನೇದೋ ಆಗಿ ಓದಿದ್ರೆ ಒಂದೊಂದು ಸಾಲೂ ತೂಕ ಪಡ್ಕೊಳ್ಳುತ್ತೆ.

ಇನ್ನೆರಡು ಬೇಗ ಹೇಳ್ತೀನಿ. ಶಾನ್ ಕ್ಯಾರೊಲ್ ಅವರ 'ಸಮ್‌ಥಿಂಗ್ ಡೀಪ್ಲಿ ಹಿಡನ್' (2019) ಬಹುಲೋಕ ವ್ಯಾಖ್ಯಾನದ, ಅಂದ್ರೆ ಆಗಬಹುದಾದ್ದೆಲ್ಲ ಬೇರೆ ಬೇರೆ ಲೋಕಗಳಲ್ಲಿ ಆಗೇ ಆಗುತ್ತೆ ಅನ್ನೋದರ ಪರ ವಕಾಲತ್ತು, ಎವರೆಟ್ ಹೇಳಿದ್ದೇ ಸರಿ ಅಂತ ನಂಬಿ ಬರೆದಿದ್ದು, ಆ ಪ್ರಶ್ನೆ ನಿಮಗೆ ಇದ್ರೆ ಮಾತ್ರ ತಗೊಳ್ಳಿ. ಅನಿಲ್ ಅನಂತಸ್ವಾಮಿ ಅವರ 'ಥ್ರೂ ಟು ಡೋರ್ಸ್ ಅಟ್ ಒನ್ಸ್' (2018) ಬೆಳಕನ್ನ ಎರಡು ಸಣ್ಣ ಸೀಳಿನ ಮೂಲಕ ಹಾಯಿಸೋ ಎರಡು ಸೀಳಿನ ಪ್ರಯೋಗ (ಯಂಗ್ ಪ್ರಯೋಗ) ಒಂದನ್ನೇ ಹಿಡ್ಕೊಂಡು ಅದರ ಬೇರೆ ಬೇರೆ ರೂಪಗಳನ್ನೆಲ್ಲ ತೋರಿಸುತ್ತೆ, ಪಿಯುಸಿಯಲ್ಲಿ ಯಂಗ್ ಪ್ರಯೋಗ ಪಾಠ ಮಾಡೋ ಲೆಕ್ಚರರ್‌ಗಳಿಗೆ ನಾನು ಇದನ್ನೇ ಹೇಳೋದು.

ಕನ್ನಡದಲ್ಲಿ ಇಲ್ವಾ ಅಂತ ಕೇಳ್ತೀರಿ, ಕೇಳ್ಲೇಬೇಕು. ಮಡಿಕೇರಿಯಲ್ಲೇ 1926ರಲ್ಲಿ ಹುಟ್ಟಿದ ಜಿ.ಟಿ. ನಾರಾಯಣರಾವ್ ಅವರನ್ನ ಓದಿ ಅಂತೀನಿ, ಗಣಿತದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆಯೋದನ್ನೇ ಜೀವನ ಮಾಡ್ಕೊಂಡೋರು. ಅವರ ಬಲ ಐನ್‌ಸ್ಟೈನ್, ನಕ್ಷತ್ರ, ಕೃಷ್ಣವಿವರ ಈ ಕಡೆ, ಕ್ವಾಂಟಂ ಕಂಪ್ಯೂಟರ್‌ಗೆ ಅಲ್ಲಿ ಉತ್ತರ ಸಿಗಲ್ಲ. ಆದ್ರೆ ಕಷ್ಟದ ವಿಷಯಾನ ಕನ್ನಡದಲ್ಲಿ ಕನ್ನಡದ ಹಾಗೇ ಹೇಳ್ಬೋದು ಅನ್ನೋ ಧೈರ್ಯ ಅವರ ಪುಸ್ತಕದಿಂದ ಬರುತ್ತೆ. ನಾನು ಇಂಗ್ಲಿಷ್ ಪುಸ್ತಕದ ಅಂಚಲ್ಲಿ ಕನ್ನಡ ಪದ ಬರ್ಕೊಂಡು ಓದೋದು ಕಲಿತಿದ್ದು ಹಾಗೇ, ಇಂಟರ್‌ಫೆರೆನ್ಸ್ ಬಂದಲ್ಲಿ ವ್ಯತಿಕರಣ, ಎಂಟ್ಯಾಂಗಲ್‌ಮೆಂಟ್ ಬಂದಲ್ಲಿ ಹೆಣಿಗೆ. ಪಾರ್ಟಿಕಲ್ ಬಂದಲ್ಲಿ ಕಣ ಅಂತ ಬರೆದಿದ್ದನ್ನ ಅಕ್ಕನ ಮಗಳು ನೋಡಿ ನಕ್ಕಳು, ಅವಳಿಗೆ ಕಣ ಅಂದ್ರೆ ಕಾಫಿ ಒಣಗಿಸೋ ಅಂಗಳ. ನೀವೂ ಬರ್ಕೊಂಡು ಓದಿ ನೋಡಿ, ಪುಟ ನಿಧಾನಕ್ಕೆ ತಿರುಗುತ್ತೆ ಆದ್ರೆ ಒಳಗೆ ಇಳಿಯುತ್ತೆ.

ಪುಸ್ತಕ ಎಷ್ಟು ಹಳೇದಾದ್ರೆ ಪರವಾಗಿಲ್ಲ ಅನ್ನೋದೂ ನೋಡ್ಬೇಕು. ಕಥೆ ಮತ್ತು ತತ್ವ ಹಳಸಲ್ಲ, ಯಂತ್ರದ ಸುದ್ದಿ ಹಳಸುತ್ತೆ. 2019ರಲ್ಲಿ ಗೂಗಲ್ ತನ್ನ 53 ಕ್ಯೂಬಿಟ್ಟಿನ ಚಿಪ್ಪಲ್ಲಿ 200 ಸೆಕೆಂಡಲ್ಲಿ ಮಾಡಿದ್ದಕ್ಕೆ ಸೂಪರ್‌ಕಂಪ್ಯೂಟರಿಗೆ 10,000 ವರ್ಷ ಬೇಕು ಅಂದಿತ್ತು, ಆಮೇಲೆ ಬೇರೆಯೋರು ಮಾಮೂಲಿ ಕಂಪ್ಯೂಟರಲ್ಲೇ ಜಾಣ ವಿಧಾನ ಹುಡುಕಿ ಆ ಅಂತರ ಬಹಳ ಇಳಿಸಿದ್ರು. 2024ರ ಡಿಸೆಂಬರಲ್ಲಿ ಗೂಗಲ್‌ನದ್ದೇ 105 ಕ್ಯೂಬಿಟ್ಟಿನ ವಿಲ್ಲೋ ಚಿಪ್ ಬಂತು. ನಾನು ಹೇಳಿದ ಪುಸ್ತಕಗಳಲ್ಲಿ ಇದು ಯಾವುದೂ ಸರಿಯಾಗಿ ಇರಲ್ಲ, ಇರ್ಬೇಕಾಗೂ ಇಲ್ಲ. 2025ರ ಫಿಸಿಕ್ಸ್ ನೊಬೆಲ್ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರಿಗೆ ಬಂದಿದ್ದು 1980ರ ದಶಕದಲ್ಲಿ ಮಾಡಿದ ಪ್ರಯೋಗಕ್ಕೆ, ಕೈಯಲ್ಲಿ ಹಿಡಿಯೋ ಅಷ್ಟು ದೊಡ್ಡ ವಿದ್ಯುತ್ ಸರ್ಕಿಟ್ಟಲ್ಲೂ ಕ್ವಾಂಟಂ ವರ್ತನೆ ತೋರಿಸಿದ್ದಕ್ಕೆ. ಹಾಗಾಗಿ ಯಂತ್ರದ ಸುದ್ದಿಗೆ ಪೇಪರ್ ನೋಡಿ, ಪುಸ್ತಕದಲ್ಲಿ ಮೈನಸ್ ಕಲೀರಿ.

ಮಳೆಗಾಲದಲ್ಲಿ ತರಿಸೋರು ಬಂದ ಕೂಡ್ಲೇ ಪ್ಲಾಸ್ಟಿಕ್ ಬೈಂಡ್ ಹಾಕಿ, ನಮ್ಮ ಕಡೆ ಬೂಸ್ಟು ಹಿಡಿಯೋಕೆ ಎರಡು ವಾರ ಸಾಕು. ನಮ್ಮನೆಯದನ್ನ ಕಾಫಿ ಚೀಲ ಇಡೋ ಅಟ್ಟದ ಮೇಲೆ ಒಲೆ ಶಾಖ ತಾಗೋ ಕಡೆ ಇಟ್ಟಿದೀನಿ, ಬರ್ನ್‌ಹಾರ್ಟ್ ಒಂದು ಅಲ್ಲಿಲ್ಲ, ಅದು ಅಕ್ಕನ ಮಗಳ ಹತ್ರ ಇದೆ. ಬೆಲ್ ಅಸಮತೆ ಅಧ್ಯಾಯದಲ್ಲಿ ಸಿಕ್ಕಾಕ್ಕೊಂಡಿದೀನಿ ಅಂತ ನಿನ್ನೆ ಫೋನ್ ಮಾಡಿದ್ಲು, ಮಾವನ ಹತ್ರ ಇರೋ ಬೆಕರ್ ಇಸ್ಕೊಂಡು ಶನಿವಾರ ಹೋಗ್ತೀನಿ, ಲೆಕ್ಕ ಅವಳು ಹೇಳ್ತಾಳೆ, ಬೆಲ್ ಕಥೆ ಮಾವ ಹೇಳ್ತಾರೆ, ಅವರೂ ಬರ್ತೀನಿ ಅಂದಿದಾರೆ.